ಎಕ್ಸ್‌ರೇಯಲ್ಲಿ ಏನೂ ಇಲ್ಲ, ಮಣಿಕಟ್ಟಿನ ಉಳುಕಿಗೆ ಎಣ್ಣೆ ಉಜ್ಜಿಸಲೇ, ಕ್ರೇಪ್ ಬ್ಯಾಂಡೇಜ್ ಕಟ್ಟಲೇ?

ಅಂಗೈ ಊರಿ ಬಿದ್ದು ಒಂಬತ್ತು ದಿನ, ಎಕ್ಸ್‌ರೇ ಸರಿಯಿದೆ, ಹೆಬ್ಬೆರಳಿನ ಬುಡದಲ್ಲಿ ನೋವು ಎಂದಿದ್ದೀರಿ. ಇದೇ ಮೂರು ಮಾತನ್ನು ನಾನೂ ನಾಲ್ಕು ತಿಂಗಳು ಹೇಳಿಕೊಂಡು ತಿರುಗಿದ್ದೆ.

ನಾನು ಬಿದ್ದದ್ದು ಆಷಾಢದ ಮಳೆಯಲ್ಲಿ, ನಮ್ಮ ಅಡಿಕೆ ತೋಟದ ಸಂಕದ ಮೇಲೆ. ಪಾಚಿಗೆ ಕಾಲು ಜಾರಿತು, ಬಲಗೈ ಊರಿದೆ. ಊತವೂ ಅಷ್ಟಿರಲಿಲ್ಲ. ಎಕ್ಸ್‌ರೇ ನೋಡಿದ ವೈದ್ಯರು, ‘ಈಗ ಮುರಿತ ಕಾಣುತ್ತಿಲ್ಲ, ಪಟ್ಟಿ ಬಿಚ್ಚಬೇಡಿ, ಎರಡು ವಾರ ಬಿಟ್ಟು ಬನ್ನಿ’ ಎಂದರು. ನಾನು ಕೆಟ್ಟದ್ದು ಇಲ್ಲಿಯೇ. ಅವರು ಹೇಳಿದ್ದು ‘ಈಗ ಕಾಣುತ್ತಿಲ್ಲ’ ಎಂದು. ನಾನು ಮನೆಗೆ ಹೊತ್ತು ತಂದದ್ದು ‘ಮುರಿದಿಲ್ಲ’ ಎಂದು. ಮನೆಯವರಿಗೆ, ನೆರೆಯವರಿಗೆ, ತೋಟದ ಆಳುಗಳಿಗೆ ಹಾಗೆಯೇ ಹೇಳಿದೆ. ನಾಲ್ಕು ಜನರಿಗೆ ಹೇಳಿದ ಮೇಲೆ ನನಗೂ ಅದೇ ನಿಜವಾಯಿತು. ಹತ್ತನೆಯ ದಿನ ನೋವು ತುಸು ತಗ್ಗಿದ್ದೇ ಪಟ್ಟಿ ಬಿಚ್ಚಿ ಎಣ್ಣೆ ಉಜ್ಜಿಸಿದೆ. ವೈದ್ಯರು ಬರಹೇಳಿದ ದಿನ ನಾನು ಪೇಟೆಯಲ್ಲೇ ಇದ್ದೆ! ಕೊಳೆರೋಗದ ಔಷಧಿಗೆ ಮೈಲುತುತ್ತ ತರಲು ಹೋಗಿ, ಆಸ್ಪತ್ರೆಯ ಗೇಟಿನ ಮುಂದೆಯೇ ಹಾದು ಮನೆಗೆ ಬಂದೆ. ಒಳಗೆ ಹೋಗಿದ್ದರೆ ಅರ್ಧ ಗಂಟೆಯ ಕೆಲಸ.

ಕಾರ್ತಿಕದಲ್ಲಿ ಸುಲಿತಕ್ಕೆ ಕುಳಿತಾಗ ಮೆಟ್ಟುಗತ್ತಿಗೆ ಅಡಿಕೆಯನ್ನು ಒತ್ತುವ ಬಲವೇ ಕೈಯಲ್ಲಿರಲಿಲ್ಲ.

ಮಣಿಕಟ್ಟಿನಲ್ಲಿ ಎಂಟು ಚಿಕ್ಕ ಮೂಳೆಗಳಿವೆ. ಹೆಬ್ಬೆರಳಿನ ಬದಿಯ ದೋಣಿಯಾಕಾರದ ಮೂಳೆ ಸ್ಕಾಫಾಯ್ಡ್. ಎಂಟರಲ್ಲಿ ಹೆಚ್ಚಾಗಿ ಮುರಿಯುವುದು ಅದೇ. ಹೊಸ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ಅದಕ್ಕೆ ರಕ್ತ ಬಹುಪಾಲು ಬೆರಳಿನ ಕಡೆಯಿಂದ ಹೊಕ್ಕು, ಹಿಮ್ಮುಖವಾಗಿ ಮೊಣಕೈಯ ಕಡೆಗೆ ಹರಿಯುತ್ತದೆ. ನಡುವೆ ಮುರಿದರೆ ಆಚೆಯ ತುಂಡು, ಕಾಲುವೆ ಕಡಿದ ತೋಟದಂತೆ, ಒಣಗತೊಡಗಬಹುದು. ನನ್ನದು ಕೂಡಿಕೊಂಡಿರಲಿಲ್ಲ. ಸೊಂಟದ ಮೂಳೆಯಿಂದ ಚೂರು ತೆಗೆದು ತುಂಬಿ ಸ್ಕ್ರೂ ಹಾಕಿದರು. ಊಟ ಮುಗಿಸಿ ನೆಲಕ್ಕೆ ಬಲಗೈ ಊರಿ ಏಳುವುದು ಇಂದಿಗೂ ನನಗೆ ಆಗುವುದಿಲ್ಲ.

ಎಣ್ಣೆಯೋ ಬ್ಯಾಂಡೇಜೋ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಉಳುಕು ಎಂಬುದು ಇನ್ನೂ ಖಚಿತವಾಗಿಲ್ಲ, ನೀವು ಆಗಲೇ ಉಳುಕಿಗೆ ಮದ್ದು ಹುಡುಕುತ್ತಿದ್ದೀರಿ. ಹೆಬ್ಬೆರಳನ್ನು ಮೇಲೆತ್ತಿ ಹಿಂದಕ್ಕೆ ಚಾಚಿ. ಮಣಿಕಟ್ಟಿನ ಆ ಬದಿಯಲ್ಲಿ ಎರಡು ನರಗಳಂತೆ ಕಾಣುವ ಸ್ನಾಯುರಜ್ಜುಗಳ ನಡುವೆ ಗುಳಿ ಬೀಳುತ್ತದೆ. ನನ್ನ ಅಜ್ಜ ನಸ್ಯ ಸುರಿದುಕೊಳ್ಳುತ್ತಿದ್ದುದು ಅಲ್ಲಿಗೇ. ವೈದ್ಯರೂ ಅದನ್ನು ನಸ್ಯದ ಡಬ್ಬಿ ಎಂದೇ ಕರೆಯುತ್ತಾರೆ. ಆ ಗುಳಿಯನ್ನು ಮೆತ್ತಗೆ ಒತ್ತಿ. ನೋವಿದ್ದರೆ, ಮುರಿದಿಲ್ಲ ಎಂದು ಖಚಿತವಾಗುವವರೆಗೂ ಮುರಿದಿದೆ ಎಂದೇ ನಡೆದುಕೊಳ್ಳಿ. ನೋವಿಲ್ಲದಿದ್ದರೂ ನೀವೇ ತೀರ್ಮಾನಿಸಬೇಡಿ.

ಎಣ್ಣೆ ಮುಟ್ಟಬೇಡಿ, ಭಾರ ಎತ್ತಬೇಡಿ. ನಾಳೆಯೇ ಮೂಳೆ ವೈದ್ಯರ ಬಳಿ ಹೋಗಿ. ಹೆಬ್ಬೆರಳು ಸೇರಿಸಿ ಪಟ್ಟಿ ಹಾಕಬೇಕೇ, ಮತ್ತೆ ಎಕ್ಸ್‌ರೇ ಯಾವಾಗ, ಎಂಆರ್‌ಐ ಬೇಕೇ ಎಂದು ಕೇಳಿ. ಹಳೆಯ ಫಿಲ್ಮನ್ನೂ ಒಯ್ಯಿರಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲಿ.