ಜಾಲತಾಣ ಗೂಗಲ್ ಹುಡುಕಾಟದಲ್ಲಿ ಸಿಗುತ್ತಿಲ್ಲ: ಉಚಿತ ವೆಬ್‌ಮಾಸ್ಟರ್ ಉಪಕರಣಗಳಿಂದ ನಾವೇ ಸರಿಪಡಿಸಿಕೊಳ್ಳಬಹುದೇ?

ಶಿರಸಿಯಿಂದ ಯಾಣಕ್ಕೆ ಹೋಗುವ ದಾರಿಯಲ್ಲಿ ಹೋಂಸ್ಟೇ ನಡೆಸುತ್ತಿರುವ ತಾವು ಕೇಳಿರುವುದು ಇಷ್ಟು: ಜಾಲತಾಣ ಮಾಡಿಸಿ ವರ್ಷವಾಗುತ್ತ ಬಂದರೂ ಮನೆಯ ಹೆಸರನ್ನೇ ಬರೆದು ಹುಡುಕಿದರೆ ಮಾತ್ರ ಅದು ಸಿಗುತ್ತದೆ, ‘ಯಾಣದ ಹತ್ತಿರ ಹೋಂಸ್ಟೇ’ ಎಂದು ಹುಡುಕಿದರೆ ಎಲ್ಲಿಯೂ ಕಾಣುವುದಿಲ್ಲ, ಮೊದಲ ಸ್ಥಾನಕ್ಕೆ ತಂದುಕೊಡುವುದಾಗಿ ಹೇಳಿ ಒಂದು ಸಂಸ್ಥೆಯವರು ತಿಂಗಳಿಗಿಷ್ಟೆಂದು ಹಣ ಕೇಳುತ್ತಿದ್ದಾರೆ, ಹಾಗೆ ಕೊಡುವ ಬದಲು ಉಚಿತವಾಗಿ ಸಿಗುವ ಉಪಕರಣಗಳಿಂದಲೇ ಸುಧಾರಿಸಿಕೊಳ್ಳಲು ಬರುತ್ತದೆಯೇ? ಖಂಡಿತ ಬರುತ್ತದೆ. ಶಿರಸಿ, ಕುಮಟಾ, ಹೊನ್ನಾವರ ಭಾಗದ ಸಣ್ಣ ವ್ಯವಹಾರಗಳ ಜಾಲತಾಣಗಳನ್ನು ನೋಡಿಕೊಳ್ಳುವುದು ನನ್ನ ಉದ್ಯೋಗವಾದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ಮೊದಲು ಆ ಭರವಸೆಯ ವಿಷಯ. ಮೊದಲ ಸ್ಥಾನವನ್ನು ಯಾರೂ ಖಾತರಿಪಡಿಸಲಾರರು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲಿಯೇ ಬರೆದಿದೆ. ಜಾಹೀರಾತಲ್ಲದ ಫಲಿತಾಂಶಗಳಲ್ಲಿ ಮೇಲೆ ತರಲು ಅದು ಯಾರಿಂದಲೂ ಹಣ ತೆಗೆದುಕೊಳ್ಳುವುದಿಲ್ಲ. ಉಚಿತ ಉಪಕರಣಗಳೂ ತಾವಾಗಿಯೇ ಸ್ಥಾನವನ್ನು ಏರಿಸುವುದಿಲ್ಲ. ಹುಡುಕಾಟದ ಯಂತ್ರಕ್ಕೆ ನಿಮ್ಮ ತಾಣ ಹೇಗೆ ಕಾಣುತ್ತಿದೆ, ಜನರು ಯಾವ ಮಾತು ಬರೆದಾಗ ಅದು ಎದುರಿಗೆ ಬರುತ್ತಿದೆ ಎಂಬುದನ್ನು ಅವು ತೋರಿಸುತ್ತವೆ. ನೋಡಿ ತಿದ್ದುವ ಕೆಲಸ ನಮ್ಮದು. ಮತ್ತು ಆ ಕೆಲಸಕ್ಕೆ ಬೇಕಾದ ಊರಿನ ತಿಳಿವಳಿಕೆ ದೂರದ ಸಂಸ್ಥೆಗಿಂತ ನಿಮ್ಮಲ್ಲಿಯೇ ಹೆಚ್ಚಿದೆ.

ಎಲ್ಲಕ್ಕಿಂತ ಮುಖ್ಯವಾದ ಉಪಕರಣ ಗೂಗಲ್ ಸರ್ಚ್ ಕನ್ಸೋಲ್. 2015ರವರೆಗೆ ಇದರ ಹೆಸರು ಗೂಗಲ್ ವೆಬ್‌ಮಾಸ್ಟರ್ ಟೂಲ್ಸ್ ಎಂದಿತ್ತು, ಹಳಬರು ಈಗಲೂ ಹಾಗೆಯೇ ಕರೆಯುತ್ತಾರೆ. ಇದಕ್ಕೆ ನಿಮ್ಮ ಸ್ವಂತ ಇಮೇಲ್‌ನಿಂದಲೇ ಸೇರಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಜಾಲತಾಣ ಮಾಡಿಕೊಟ್ಟವರ ಖಾತೆಯಲ್ಲಿಯೇ ಡೊಮೇನ್ (ತಾಣದ ವಿಳಾಸ), ಹೋಸ್ಟಿಂಗ್ (ತಾಣವನ್ನು ಇಟ್ಟಿರುವ ಜಾಗ), ಸರ್ಚ್ ಕನ್ಸೋಲ್ ಎಲ್ಲವೂ ಉಳಿದುಹೋಗಿ, ನಂತರ ಅವರು ಫೋನಿಗೆ ಸಿಗದೆ, ಮಾಲೀಕರು ತಮ್ಮದೇ ತಾಣದಲ್ಲಿ ಒಂದಕ್ಷರ ಬದಲಿಸಲಾಗದೆ ಒದ್ದಾಡಿದ್ದನ್ನು ನಮ್ಮ ಭಾಗದಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಡೊಮೇನ್ ಕೊಂಡ ಕಡೆ ಡಿಎನ್‌ಎಸ್ (ತಾಣದ ವಿಳಾಸವನ್ನು ತಾಣವಿರುವ ಕಂಪ್ಯೂಟರಿಗೆ ಜೋಡಿಸುವ ವ್ಯವಸ್ಥೆ) ಪುಟದಲ್ಲಿ ಗೂಗಲ್ ಕೊಡುವ ಒಂದು ಸಾಲಿನ ಸಂಕೇತವನ್ನು ಸೇರಿಸಿದರೆ ಮಾಲೀಕತ್ವ ದೃಢಪಡುತ್ತದೆ. ಆಮೇಲೆ ಬೇಕಾದವರನ್ನು ಬಳಕೆದಾರರೆಂದು ಸೇರಿಸಬಹುದು, ಬೇಡವಾದಾಗ ತೆಗೆಯಬಹುದು.

ನಿಮ್ಮ ಮನೆಯ ಹೆಸರಿಗೆ ತಾಣ ಸಿಗುತ್ತಿದೆ ಎಂದ ಮೇಲೆ ಮುಖಪುಟವಂತೂ ಗೂಗಲ್‌ನ ಸೂಚಿಯಲ್ಲಿದೆ, ಅಂದರೆ ಹುಡುಕಾಟಕ್ಕೆಂದು ಅದು ಇಟ್ಟುಕೊಂಡಿರುವ ಪುಟಗಳ ಪಟ್ಟಿಯಲ್ಲಿದೆ. ಉಳಿದ ಪುಟಗಳ ಸ್ಥಿತಿ ಏನೆಂದು ‘ಪೇಜಸ್’ ವರದಿಯಲ್ಲಿ ನೋಡಿ. ಸೂಚಿಗೆ ಸೇರದ ಪುಟಗಳನ್ನು ಕಾರಣಸಹಿತ ಅಲ್ಲಿ ಪಟ್ಟಿ ಮಾಡಿರುತ್ತಾರೆ. ‘ನೋಇಂಡೆಕ್ಸ್’ (ಸೂಚಿಗೆ ಸೇರಿಸಬೇಡ) ಎಂಬ ಕಾರಣ ಕಂಡರೆ, ತಾಣ ಕಟ್ಟುವಾಗ ಹಾಕಿದ ತಡೆಯನ್ನು ತೆಗೆಯಲು ಮರೆತಿದ್ದಾರೆ ಎಂದೇ ಬಹುಪಾಲು ಅರ್ಥ. ತಾಣವನ್ನು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ್ದರೆ ಸೆಟ್ಟಿಂಗ್ಸ್‌ನ ರೀಡಿಂಗ್ ವಿಭಾಗದಲ್ಲಿ, ಹುಡುಕಾಟ ಯಂತ್ರಗಳು ಈ ತಾಣವನ್ನು ಸೂಚಿಗೆ ಸೇರಿಸದಿರಲಿ ಎಂಬ ಒಂದು ಚೌಕವಿದೆ, ಅದರ ಗುರುತನ್ನು ತೆಗೆದರೆ ಸಾಕು. ‘ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂದಿದ್ದರೆ ಗೂಗಲ್ ಪುಟವನ್ನು ಓದಿದೆ, ಆದರೆ ಸದ್ಯಕ್ಕೆ ಸೂಚಿಗೆ ಸೇರಿಸಿಲ್ಲ. ನಾಲ್ಕು ಚಿತ್ರ ಮತ್ತು ಎರಡು ಸಾಲು ಮಾತ್ರ ಇರುವ ಪುಟಗಳಿಗೆ ಹೀಗಾಗುವುದು ಸಾಮಾನ್ಯ. ತಿದ್ದಿದ ಮೇಲೆ ಆ ಪುಟದ ವಿಳಾಸವನ್ನು ಸರ್ಚ್ ಕನ್ಸೋಲ್‌ನ ಮೇಲ್ಭಾಗದಲ್ಲಿರುವ ಪರಿಶೀಲನಾ ಪೆಟ್ಟಿಗೆಯಲ್ಲಿ ಹಾಕಿ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಒತ್ತಬೇಕು. ತಾಣದ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಅನ್ನೂ ಒಮ್ಮೆ ಸಲ್ಲಿಸಿಬಿಡಿ. ಸಣ್ಣ ತಾಣಕ್ಕೆ ಅದರ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಕನ್ನಡದಲ್ಲಿ ಬರೆದ ಪುಟಗಳಿದ್ದರೆ ಇನ್ನೊಂದು ಪರೀಕ್ಷೆ ಬೇಕು. ಪುಟದ ಒಂದು ಸಾಲನ್ನು ನಕಲು ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ ನೋಡಿ. ಕನ್ನಡವಾಗಿಯೇ ಬಂದರೆ ಅದು ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡ್ ಸಂಕೇತದಲ್ಲಿದೆ, ಚಿಂತೆಯಿಲ್ಲ. ತಲೆಯ ಮೇಲೆ ಚುಕ್ಕೆ, ಗೀರು ಇರುವ ವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಬಂದರೆ ಅದನ್ನು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ್ದಾರೆ; ನಮ್ಮ ಕಣ್ಣಿಗೆ ಕನ್ನಡವಾದರೂ ಯಂತ್ರಕ್ಕೆ ಅದು ಅರ್ಥವಿಲ್ಲದ ಅಕ್ಷರಗಳ ರಾಶಿ. ಪ್ರೆಸ್‌ನಲ್ಲಿ ಮಾಡಿಸಿದ ಕರಪತ್ರವನ್ನೇ ಜಾಲತಾಣಕ್ಕೆ ಏರಿಸಿದಾಗ ಹೀಗಾಗುತ್ತದೆ. ಅಂಥ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಲು ಉಚಿತ ತಂತ್ರಾಂಶಗಳಿವೆ. ಊಟದ ಪಟ್ಟಿ, ದರ, ದಾರಿ ಇವನ್ನೆಲ್ಲ ಚಿತ್ರದೊಳಗೆ ಬರೆಸಿದ್ದರೆ ಅದನ್ನೂ ಅಕ್ಷರಗಳಲ್ಲಿ ಮತ್ತೆ ಬರೆಯಿರಿ.

ಇಷ್ಟಾದ ಮೇಲೆ ನಿಜವಾದ ಕೆಲಸವಿರುವುದು ‘ಪರ್ಫಾರ್ಮೆನ್ಸ್’ ವರದಿಯಲ್ಲಿ. ಜನರು ಯಾವ ಮಾತು ಬರೆದಾಗ ನಿಮ್ಮ ಪುಟ ಫಲಿತಾಂಶದಲ್ಲಿ ಬಂತು, ಎಷ್ಟು ಬಾರಿ ಬಂತು, ಎಷ್ಟು ಮಂದಿ ಒತ್ತಿದರು, ಸರಾಸರಿ ಎಷ್ಟನೆಯ ಸ್ಥಾನದಲ್ಲಿತ್ತು ಎಂಬ ನಾಲ್ಕೂ ಸಂಗತಿಗಳು ಅಲ್ಲಿವೆ. ಹದಿನಾರು ತಿಂಗಳವರೆಗಿನ ಲೆಕ್ಕ ಸಿಗುತ್ತದೆ. ತೀರಾ ಅಪರೂಪದ ಹುಡುಕಾಟಗಳನ್ನು ಖಾಸಗಿತನದ ಕಾರಣಕ್ಕೆ ಮರೆಮಾಡುವುದರಿಂದ ಸಣ್ಣ ತಾಣಗಳಲ್ಲಿ ಪಟ್ಟಿಯ ಮೊತ್ತವೂ ಮೇಲಿನ ಒಟ್ಟು ಸಂಖ್ಯೆಯೂ ತಾಳೆಯಾಗುವುದಿಲ್ಲ, ಅದಕ್ಕೆ ಗಾಬರಿಯಾಗಬೇಡಿ. ನಾನು ಮೊದಲು ನೋಡುವುದು ಎಂಟರಿಂದ ಇಪ್ಪತ್ತರ ನಡುವಿನ ಸ್ಥಾನದಲ್ಲಿದ್ದು, ಹಲವು ಬಾರಿ ಕಾಣಿಸಿಕೊಂಡೂ ಯಾರೂ ಒತ್ತದ ಸಾಲುಗಳನ್ನು. ಗೂಗಲ್ ಆ ವಿಷಯಕ್ಕೆ ನಿಮ್ಮ ಪುಟವನ್ನು ಆಗಲೇ ಪರಿಗಣಿಸುತ್ತಿದೆ, ಆದ್ದರಿಂದ ಸ್ವಲ್ಪ ಶ್ರಮಕ್ಕೆ ಹೆಚ್ಚು ಫಲ ಸಿಗುವುದು ಅಲ್ಲಿಯೇ.

ಒಂದು ಉದಾಹರಣೆ ಕೊಡುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುವ ಒಂದು ಮನೆಯವರ ತಾಣದ ವರದಿ ತೆರೆದಾಗ, ಅಪ್ಪೆಮಿಡಿ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಟ್ಟಾಗಿಯೂ, ಬಿಡಿಸಿಯೂ, ‘ಪಿ’ ಅಕ್ಷರ ಒಂದೇ ಹಾಕಿಯೂ ಜನರು ಹುಡುಕಿದ್ದು ಕಂಡಿತು. ಬಂದು ಸೇರಿದ ಪುಟದ ಶೀರ್ಷಿಕೆಯಾದರೋ ಬರೀ ‘ನಮ್ಮ ಉತ್ಪನ್ನಗಳು’. ಅದರಲ್ಲಿ ಉಪ್ಪಿನಕಾಯಿಯ ಜೊತೆಗೆ ಜೋನಿ ಬೆಲ್ಲ, ತೊಡದೇವು, ಮುರುಗಲು ಎಲ್ಲವೂ ಒಂದೊಂದು ಸಾಲಿನಲ್ಲಿದ್ದವು. ಉಪ್ಪಿನಕಾಯಿಗೆ ಬೇರೆ ಪುಟ ಮಾಡಿ, ಶೀರ್ಷಿಕೆಯಲ್ಲಿ ಕನ್ನಡ ಹೆಸರನ್ನೂ ಇಂಗ್ಲಿಷ್ ಅಕ್ಷರಗಳ ಹೆಸರನ್ನೂ ಊರನ್ನೂ ಸೇರಿಸಿ, ಮಿಡಿ ಯಾವಾಗ ಕೊಯ್ಯುತ್ತಾರೆ, ಉಪ್ಪಿನಲ್ಲಿ ಎಷ್ಟು ಕಾಲ ಇಡುತ್ತಾರೆ, ಅಂಚೆಯಲ್ಲಿ ಹೇಗೆ ಕಳಿಸುತ್ತಾರೆ ಎಂಬುದನ್ನು ಮನೆಯವರಿಂದಲೇ ಬರೆಸಿದೆವು. ಕೆಲವು ವಾರಗಳಲ್ಲಿ ಆ ಪುಟದ ಮೂಲಕವೇ ವಿಚಾರಣೆ ಬರತೊಡಗಿತು.

ನಿಮ್ಮ ತಾಣದಲ್ಲಿ ಇದೇ ಕೆಲಸವನ್ನು ಯಾಣದ ವಿಷಯದಲ್ಲಿ ಮಾಡಬೇಕು. ಭೈರವೇಶ್ವರ ಶಿಖರ, ಮೋಹಿನಿ ಶಿಖರಗಳ ವರ್ಣನೆಯನ್ನು ಬೇರೆ ಕಡೆಯಿಂದ ನಕಲು ಮಾಡಿ ಹಾಕಿದರೆ ಪ್ರಯೋಜನವಿಲ್ಲ, ಅದು ನೂರು ತಾಣಗಳಲ್ಲಿದೆ. ವಾಹನ ನಿಲ್ಲಿಸಿದ ಮೇಲೆ ಎಷ್ಟು ಹೊತ್ತು ನಡೆಯಬೇಕು, ವಯಸ್ಸಾದವರಿಗೆ ಮೆಟ್ಟಿಲು ಹತ್ತಲಾಗುತ್ತದೆಯೇ, ಮಳೆಗಾಲದಲ್ಲಿ ಉಂಬಳದ ಕಾಟ ಹೇಗಿರುತ್ತದೆ, ಯಾವ ಬಸ್ಸಿನಲ್ಲಿ ಬಂದರೆ ಎಲ್ಲಿ ಇಳಿಯಬೇಕು, ಅದೇ ದಿನ ವಿಭೂತಿ ಜಲಪಾತವನ್ನೂ ನೋಡಿ ಬರಬಹುದೇ, ಇವನ್ನು ನಿಮ್ಮ ಅತಿಥಿಗಳು ದಿನವೂ ಫೋನಿನಲ್ಲಿ ಕೇಳುತ್ತಿರುತ್ತಾರೆ. ಶಾಲ್ಮಲಾ ನದಿಯ ನೀರು ಇಳಿದ ಮೇಲೆಯೇ ಸಹಸ್ರಲಿಂಗ ಚೆನ್ನಾಗಿ ಕಾಣುವುದೆಂದು ತಿಳಿಯದೆ ಆಷಾಢದಲ್ಲಿ ಬಂದು ಬೇಸರಪಡುವವರಿದ್ದಾರೆ. ಈ ಉತ್ತರಗಳೇ ನಿಮ್ಮ ಪುಟಗಳಾಗಲಿ. ಒಂದೊಂದು ಪುಟದಿಂದಲೂ ಕೋಣೆಯ ವಿವರಕ್ಕೆ ಕೊಂಡಿ ಇರಲಿ. ಕೀವರ್ಡ್ ಟ್ಯಾಗ್‌ನಲ್ಲಿ (ಓದುಗರಿಗೆ ಕಾಣದಂತೆ ಪುಟದ ಹಿಂದೆ ಪದಗಳನ್ನು ಬರೆಯುವ ಜಾಗ) ಊರುಗಳ ಹೆಸರನ್ನು ತುಂಬಿಸುವುದಾಗಿ ಯಾರಾದರೂ ಹೇಳಿದರೆ ಒಪ್ಪಬೇಡಿ. ಶ್ರೇಯಾಂಕಕ್ಕೆ ಆ ಟ್ಯಾಗನ್ನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ತಿಳಿಸಿದೆ.

ತಾಣದ ವೇಗವನ್ನು ಗೂಗಲ್‌ನ ಉಚಿತ ಉಪಕರಣ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಪರೀಕ್ಷಿಸಿ, ಮೊಬೈಲ್ ಫಲಿತಾಂಶವನ್ನೇ ನೋಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಹಾಕಿಕೊಂಡಿರುವ ಅಳತೆ. ಸರ್ಚ್ ಕನ್ಸೋಲ್‌ನ ವೇಗದ ವರದಿ ಖಾಲಿಯಿದ್ದರೆ ದೋಷವೆಂದು ತಿಳಿಯಬೇಡಿ, ವರದಿಗೆ ಬೇಕಾದಷ್ಟು ಜನ ತಾಣಕ್ಕೆ ಬಂದಿಲ್ಲವೆಂದಷ್ಟೇ. ಹೋಂಸ್ಟೇ ತಾಣಗಳು ನಿಧಾನವಾಗಲು ಕ್ಯಾಮೆರಾದಿಂದ ನೇರವಾಗಿ ಏರಿಸಿದ ಚಿತ್ರಗಳೇ ಮುಖ್ಯ ಕಾರಣ. ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಎಂಬ ಹಗುರವಾದ ಚಿತ್ರರೂಪದಲ್ಲಿ ಉಳಿಸಿದರೆ ಹಲವು ಎಂಬಿಯ ಚಿತ್ರ ಕೆಲವೇ ನೂರು ಕೆಬಿಗೆ ಬರುತ್ತದೆ. ದೇವಿಮನೆ ಘಟ್ಟದ ತಿರುವಿನಲ್ಲಿ, ಸಿಗ್ನಲ್ ಒಂದು ಗೆರೆಯಷ್ಟಿರುವಾಗ ನಿಮ್ಮ ದಾರಿಯನ್ನು ಹುಡುಕುವ ಅತಿಥಿಯನ್ನು ನೆನಪಿಟ್ಟುಕೊಂಡು ಈ ಕೆಲಸ ಮಾಡಿ.

‘ಹತ್ತಿರದ ಹೋಂಸ್ಟೇ’ ಎಂಬಂಥ ಹುಡುಕಾಟಗಳಲ್ಲಿ ನಕ್ಷೆಯೊಂದಿಗೆ ಬರುವ ಫಲಿತಾಂಶಗಳಿಗೆ ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ನಕ್ಷೆಯಲ್ಲಿ ಕಾಣುವ ನಿಮ್ಮ ವ್ಯವಹಾರದ ವಿವರ) ಬೇಕೇ ಬೇಕು. ಅದೂ ಉಚಿತ. ನಕ್ಷೆಯ ಗುರುತು ನಿಮ್ಮ ಅಂಗಳದಲ್ಲಿಯೇ ಇರಲಿ. ಹೆಸರು, ಫೋನ್ ಸಂಖ್ಯೆ ಜಾಲತಾಣದಲ್ಲಿ ಇರುವಂತೆಯೇ ಇರಲಿ. ಮೈಕ್ರೋಸಾಫ್ಟ್‌ನ ಹುಡುಕಾಟ ಯಂತ್ರ ಬಿಂಗ್‌ಗೂ ಇಂಥದೇ ಉಪಕರಣವಿದೆ; ಆ ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್‌ಗೆ ಸರ್ಚ್ ಕನ್ಸೋಲ್‌ನಿಂದಲೇ ವಿವರಗಳನ್ನು ಆಮದು ಮಾಡಿಕೊಳ್ಳಬಹುದಾದ್ದರಿಂದ ಅದಕ್ಕೆ ಹೆಚ್ಚು ಸಮಯ ಹಿಡಿಯುವುದಿಲ್ಲ. ಜನರು ಯಾವ ಪದಗಳನ್ನು ಬರೆದು ಹುಡುಕುತ್ತಾರೆಂದು ನೋಡುವ ಉಪಕರಣವೂ ಅಲ್ಲಿದೆ.

ಇವನ್ನೆಲ್ಲ ಈ ವಾರವೇ ಶುರುಮಾಡಲು ಹೇಳುವುದಕ್ಕೆ ಕಾರಣವಿದೆ. ಬದಲಾವಣೆಗಳು ಫಲಿತಾಂಶದಲ್ಲಿ ಕಾಣಲು ವಾರಗಳು, ಒಮ್ಮೊಮ್ಮೆ ತಿಂಗಳುಗಳೇ ಬೇಕು. ಮಳೆ ಮುಗಿದು ಪ್ರವಾಸಿಗರು ಬರತೊಡಗುವ ಹೊತ್ತಿಗೆ ಹೊಸ ಪುಟಗಳು ಸೂಚಿಯಲ್ಲಿರಬೇಕಾದರೆ ಮೊದಲೇ ಬರೆದಿರಬೇಕು. ಲೆಕ್ಕ ಈಗಿನಿಂದಲೇ ಸೇರತೊಡಗಿದರೆ ಮುಂದಿನ ವರ್ಷ ಅದೇ ತಿಂಗಳೊಡನೆ ಹೋಲಿಸಿ ನೋಡಬಹುದು. ಆ ಸಂಸ್ಥೆಯವರು ಮತ್ತೆ ಕರೆ ಮಾಡಿದರೆ, ಸರ್ಚ್ ಕನ್ಸೋಲ್‌ನಲ್ಲಿ ಅವರಿಗೆ ನೋಡುವಷ್ಟು ಮಾತ್ರ ಅನುಮತಿ ಕೊಟ್ಟು, ಯಾವ ಪುಟದಲ್ಲಿ ಏನನ್ನು ಏಕೆ ಬದಲಿಸುತ್ತೀರಿ ಎಂದು ಬರವಣಿಗೆಯಲ್ಲಿ ಕೇಳಿ. ಅದಕ್ಕೆ ಸ್ಪಷ್ಟವಾದ ಉತ್ತರ ಬಂದ ಮೇಲೆ ಹಣದ ಮಾತು ಆಡಿದರಾಯಿತು.