ಹತ್ತು ದಿನ ಮೊದಲೇ ಕಾಣುವ ಚಂಡಮಾರುತ: ನಂಬುವುದೆಷ್ಟು?

ಪ್ರಶ್ನೆ: ವಿಂಡಿ ಆ್ಯಪ್‌ನಲ್ಲಿ ಹತ್ತು ದಿನ ಮುಂದಿನ ತಾರೀಖಿಗೆ ಅರಬ್ಬಿ ಸಮುದ್ರದಲ್ಲಿ ದೊಡ್ಡ ಸುಳಿ ಕಾಣಿಸುತ್ತದೆ. ಮರುದಿನ ನೋಡಿದರೆ ಮಾಯ. ಬೋಟ್ ಕಳಿಸುವುದೋ ಬೇಡವೋ ಎಂದು ತೀರ್ಮಾನಿಸುವುದು ಹೇಗೆ?
– ಬೋಟ್ ಮಾಲೀಕರೊಬ್ಬರು, ಮಲ್ಪೆ

ಉತ್ತರ: ಆ ಸುಳಿ ಯಾವ ಮಾದರಿಯದು, ಅಂದರೆ ಹವಾಮಾನವನ್ನು ಲೆಕ್ಕ ಹಾಕುವ ಯಾವ ಕಂಪ್ಯೂಟರ್ ವ್ಯವಸ್ಥೆಯದು, ಎಂಬುದನ್ನು ಮೊದಲು ನೋಡಿ. ಅಮೆರಿಕದ ಜಿಎಫ್‌ಎಸ್ ದಿನಕ್ಕೆ ನಾಲ್ಕು ಸಲ ಲೆಕ್ಕ ಹಾಕಿ 16 ದಿನ ಮುಂದಿನವರೆಗೆ ನಕ್ಷೆ ಬಿಡುತ್ತದೆ. ಇಲ್ಲದ ಚಂಡಮಾರುತವನ್ನು ದೂರದ ತಾರೀಖಿಗೆ ಎಬ್ಬಿಸುವ ಚಾಳಿ ಅದಕ್ಕಿದೆ. ಅದರ ಲೆಕ್ಕದ ಚೌಕ ಸುಮಾರು 13 ಕಿ.ಮೀ. ಅಗಲ. ಒಂದೊಂದು ಗುಡುಗು ಮೋಡ ಅದಕ್ಕಿಂತ ಚಿಕ್ಕದು, ಹಾಗಾಗಿ ಮೋಡದ ಪರಿಣಾಮವನ್ನು ಮಾದರಿ ಸೂತ್ರದಿಂದ ಅಂದಾಜಿಸುತ್ತದೆ. ಅಂದಾಜಿನಲ್ಲಿ ಒಂದೇ ಕಡೆ ಶಾಖ ಹೆಚ್ಚು ಬಿಡುಗಡೆಯಾದರೆ ಅಲ್ಲಿ ಒತ್ತಡ ಇಳಿಯುತ್ತದೆ, ಗಾಳಿ ನುಗ್ಗುತ್ತದೆ, ಮತ್ತಷ್ಟು ಮೋಡ ಕಟ್ಟುತ್ತದೆ. ಲೆಕ್ಕದೊಳಗೇ ಸುಳಿ ಬೆಳೆದುಬಿಡುತ್ತದೆ.

ಪರೀಕ್ಷೆ ಸುಲಭ. ಇವತ್ತಿನ ನಕ್ಷೆಯಲ್ಲಿ ಸುಳಿ ಮೇ 22ಕ್ಕೆ ಕಂಡರೆ ಆ ತಾರೀಖನ್ನೂ ಸುಳಿಯ ಜಾಗವನ್ನೂ ಬರೆದಿಡಿ. ನಾಳೆಯ ನಕ್ಷೆಯಲ್ಲೂ ಅದು ಮೇ 22ರ ಆಸುಪಾಸಿನಲ್ಲೇ ಇರಬೇಕು. ಅದು 23ಕ್ಕೆ, ಆಮೇಲೆ 24ಕ್ಕೆ ಸರಿಯುತ್ತಾ ಯಾವಾಗಲೂ ಹತ್ತು ದಿನ ದೂರದಲ್ಲೇ ಉಳಿದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮಾದರಿ ಒಂದು ಸಲ ಹಾಕುವ ಲೆಕ್ಕಕ್ಕೆ ರನ್ ಎನ್ನುತ್ತಾರೆ. ಹೋಲಿಸುವಾಗ ಬೆಳಗಿನ 5.30ರ ರನ್ ಅನ್ನು ಮರುದಿನದ 5.30ರ ರನ್ ಜೊತೆಗೇ ಇಟ್ಟು ನೋಡಿ. ಜಿಎಫ್‌ಎಸ್‌ನ ಬೆಳಗಿನ ರನ್ ಸುಮಾರು ಹತ್ತು ಗಂಟೆಗೆ, ಯುರೋಪಿನ ಮಾದರಿಯಾದ ಇಸಿಎಂಡಬ್ಲ್ಯುಎಫ್‌ನದು ಮಧ್ಯಾಹ್ನದ ಹೊತ್ತಿಗೆ ಸಿಗುತ್ತದೆ. ಅದಕ್ಕೂ ಮುಂಚೆ ತೆರೆದರೆ ಹಿಂದಿನ ರನ್‌ನ ನಕ್ಷೆಯನ್ನೇ ಹೊಸದೆಂದು ನೋಡಿದಂತಾಗುತ್ತದೆ.

ಆದರೆ ಬೋಟಿನ ತೀರ್ಮಾನ ಆ್ಯಪ್ ಮೇಲೆ ನಿಲ್ಲಬಾರದು. ಹವಾಮಾನ ಇಲಾಖೆಯ ಟ್ರಾಪಿಕಲ್ ವೆದರ್ ಔಟ್‌ಲುಕ್ ಮುಂದಿನ ಏಳು ದಿನಗಳ ಸಾಧ್ಯತೆಯನ್ನು ದಿನವಾರು ಕೊಡುತ್ತದೆ: 1ರಿಂದ 33 ಶೇಕಡಾ ಕಡಿಮೆ, 34ರಿಂದ 67 ಮಧ್ಯಮ, 68ರ ಮೇಲೆ ಹೆಚ್ಚು. ಅಲ್ಲಿ ಹೇಳುವ ಸಾಧ್ಯತೆ ವಾಯುಭಾರ ಕುಸಿತ, ಅಂದರೆ ಡಿಪ್ರೆಶನ್, ಹುಟ್ಟುವುದಕ್ಕೆ. ಅದು ಚಂಡಮಾರುತವೇ ಆಗುತ್ತದೆ ಎಂದಲ್ಲ. ಹತ್ತು ದಿನದ ಟ್ರಿಪ್ ಆದರೆ ಹೊರಡುವ ದಿನದ ಮುನ್ಸೂಚನೆ ಕೊನೆಯ ದಿನಗಳಿಗೆ ಸಾಲದು. ದಡದಿಂದ ದಿನಕ್ಕೊಮ್ಮೆ ವೈರ್‌ಲೆಸ್‌ನಲ್ಲಿ ತಾಜಾ ಎಚ್ಚರಿಕೆ ತಲುಪಿಸುವ ಏರ್ಪಾಡು ಇರಲೇಬೇಕು. ಮೀನುಗಾರರಿಗೆ ಎಚ್ಚರಿಕೆ ಹೊರಟ ಮೇಲೆ ನಕ್ಷೆ ಏನೇ ಹೇಳಲಿ, ಬೋಟ್ ಬಂದರಿನಲ್ಲೇ ಇರಲಿ.

ಪ್ರಶ್ನೆ: ಸಮುದ್ರ ಬಿಸಿಯಾಗಿದ್ದರೆ ಚಂಡಮಾರುತ ಖಚಿತವೇ? ನಕ್ಷೆಯಲ್ಲಿ ಇನ್ನೇನು ನೋಡಬೇಕು?
– ಪದವಿ ವಿದ್ಯಾರ್ಥಿನಿ, ಕಾರವಾರ

ಉತ್ತರ: ಖಚಿತವಲ್ಲ. ನೀರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಇರಬೇಕು ನಿಜ, ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಅರಬ್ಬಿ ಸಮುದ್ರದ ಬಹುಭಾಗ ಆ ಮಟ್ಟ ದಾಟಿಯೇ ಇರುತ್ತದೆ. ನಿರ್ಣಾಯಕವಾಗುವುದು ಹೆಚ್ಚಾಗಿ ಗಾಳಿಯ ಕತ್ತರಿ, ಅಂದರೆ ಕೆಳಗಿನ ಮತ್ತು ಮೇಲಿನ ಗಾಳಿಗಳ ನಡುವಿನ ವ್ಯತ್ಯಾಸ.

ನಕ್ಷೆಯಲ್ಲಿ ಎತ್ತರವನ್ನು ಗಾಳಿಯ ಒತ್ತಡದ ಅಳತೆಯಾದ ಹೆಕ್ಟೋಪಾಸ್ಕಲ್‌ನಲ್ಲಿ ಹೇಳುತ್ತಾರೆ. ವಿಂಡಿಯಲ್ಲಿ ಎತ್ತರದ ಪಟ್ಟಿಯನ್ನು ನೆಲಮಟ್ಟದಿಂದ 850 ಹೆಕ್ಟೋಪಾಸ್ಕಲ್‌ಗೆ, ಅಂದರೆ ಸುಮಾರು 1500 ಮೀಟರ್‌ಗೆ ಏರಿಸಿ. ಸುಳಿಯ ದಕ್ಷಿಣಕ್ಕೆ ಪಶ್ಚಿಮದ ಗಾಳಿ, ಉತ್ತರಕ್ಕೆ ಪೂರ್ವದ ಗಾಳಿ ಇದ್ದು ಸುತ್ತು ಪೂರ್ತಿ ಮುಚ್ಚಿರಬೇಕು. ಒಂದು ಬದಿ ತೆರೆದಿದ್ದರೆ ಅದಿನ್ನೂ ಬರೀ ಕಡಿಮೆ ಒತ್ತಡದ ತಗ್ಗು. ಈಗ ಅದೇ ಜಾಗಕ್ಕೆ 200 ಹೆಕ್ಟೋಪಾಸ್ಕಲ್, ಸುಮಾರು 12 ಕಿ.ಮೀ. ಎತ್ತರ, ನೋಡಿ. ಎರಡೂ ಗಾಳಿ ಒಂದೇ ದಿಕ್ಕಿನವಾದರೆ ವೇಗವನ್ನು ಕಳೆಯಿರಿ, ಎದುರುಬದುರಾದರೆ ಕೂಡಿಸಿ. ಉತ್ತರ 20 ನಾಟ್‌ಗಿಂತ ಕಡಿಮೆ ಬಂದರೆ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಬೆಳೆಯಲು ಅನುಕೂಲ. 30 ದಾಟಿದರೆ ಮೋಡದ ಗೋಪುರ ಕೇಂದ್ರದ ಮೇಲೆ ನೆಟ್ಟಗೆ ನಿಲ್ಲದೆ ಪಕ್ಕಕ್ಕೆ ವಾಲುತ್ತದೆ. ಜುಲೈನಲ್ಲಿ ಕೆಳಗೆ ಪಶ್ಚಿಮದಿಂದ 30, ಮೇಲೆ ಪೂರ್ವದಿಂದ 40 ನಾಟ್ ಬೀಸಿದರೆ ಕತ್ತರಿ 70. ಮಳೆಗಾಲದ ನಡುವೆ ನಮ್ಮ ಕಡೆ ಚಂಡಮಾರುತ ಅಪರೂಪವಾಗಿರುವುದು ಇದರಿಂದಲೇ.

ಕೊನೆಗೆ 700ರಿಂದ 500 ಹೆಕ್ಟೋಪಾಸ್ಕಲ್ ನಡುವಿನ ತೇವಾಂಶ. ಅರೇಬಿಯಾದ ಕಡೆಯಿಂದ ಒಣಗಾಳಿ ಸುಳಿಯೊಳಗೆ ನುಗ್ಗುತ್ತಿದ್ದರೆ ಬೆಳವಣಿಗೆ ಕುಂಠಿತವಾಗುತ್ತದೆ.

ಪ್ರಶ್ನೆ: ಒಂದು ಮಾದರಿ ಗುಜರಾತ್ ಎನ್ನುತ್ತದೆ, ಇನ್ನೊಂದು ಒಮಾನ್ ಎನ್ನುತ್ತದೆ. ಯಾವುದು ಸರಿ?
– ಅಡಿಕೆ ಬೆಳೆಗಾರರು, ಸಾಗರ

ಉತ್ತರ: ಎರಡರಲ್ಲಿ ಒಂದನ್ನು ಆರಿಸುವ ಬದಲು ಎನ್ಸೆಂಬಲ್ ನೋಡಿ. ಆರಂಭದ ಅಂಕಿಗಳನ್ನು ತುಸು ತುಸು ಬದಲಿಸಿ ಒಂದೇ ಮಾದರಿಯನ್ನು ಹಲವು ಸಲ ಓಡಿಸುವ ಕ್ರಮ ಅದು. ಇಸಿಎಂಡಬ್ಲ್ಯುಎಫ್‌ನದರಲ್ಲಿ 51 ಸದಸ್ಯರು, ಜಿಎಫ್‌ಎಸ್‌ನದರಲ್ಲಿ 31. ಐವತ್ತೊಂದರಲ್ಲಿ ಐದಾರು ಮಾತ್ರ ಸುಳಿ ತೋರಿಸಿದರೆ ಗಮನವಿಟ್ಟರೆ ಸಾಕು. ಮೂವತ್ತು ದಾಟಿ, ಎಲ್ಲ ಕೇಂದ್ರಗಳೂ ಒಂದೇ ಕಡೆ ಗುಂಪಾಗಿದ್ದರೆ ಗಂಭೀರ ವಿಷಯ. ಸರಾಸರಿಯ ನಕ್ಷೆಯಲ್ಲಿ ಒತ್ತಡ ಹೆಚ್ಚೇನೂ ಇಳಿದಿಲ್ಲವೆಂದು ನಿರಾಳವಾಗಬೇಡಿ. ಬೇರೆ ಬೇರೆ ಜಾಗದ ಸುಳಿಗಳನ್ನು ಕೂಡಿಸಿ ಭಾಗಿಸಿದಾಗ ಬಲವಾದದ್ದೂ ಸಪ್ಪೆಯಾಗಿ ಕಾಣುತ್ತದೆ.

ನಿಮಗೆ ಮುಖ್ಯವಾದದ್ದು ಅದು ಎಲ್ಲಿ ದಡ ಸೇರುತ್ತದೆ ಎನ್ನುವುದಕ್ಕಿಂತ ನಮ್ಮ ಕರಾವಳಿಯಿಂದ ಎಷ್ಟು ದೂರದಲ್ಲಿ ಹಾದುಹೋಗುತ್ತದೆ ಎನ್ನುವುದು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ದಡ ಸೇರಿದ್ದು ಗುಜರಾತಿನಲ್ಲಿ, ಆದರೂ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಕ್ಕೆ ಮಳೆಗಾಳಿ, ಕಡಲ್ಕೊರೆತ ತಪ್ಪಲಿಲ್ಲ. ದಡಕ್ಕೆ ಸಮಾನಾಂತರವಾಗಿ ಸಾಗುವ ಸುಳಿ ನೂರು ಕಿ.ಮೀ. ಪೂರ್ವಕ್ಕೆ ಸರಿದರೂ ಮಲೆನಾಡಿನ ಮಳೆಯ ಲೆಕ್ಕವೇ ಬದಲಾಗುತ್ತದೆ. ಮದ್ದು ಹೊಡೆಯುವ ದಿನ ಗೊತ್ತುಮಾಡಲು ಮೂರು ದಿನದೊಳಗಿನ ನಕ್ಷೆಯನ್ನಷ್ಟೇ ನೆಚ್ಚಿಕೊಳ್ಳಿ.

ಪ್ರಶ್ನೆ: 2025ರ ಮೇ ತಿಂಗಳಲ್ಲಿ ‘ಶಕ್ತಿ’ ಚಂಡಮಾರುತ ಬರುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಹರಡಿತ್ತು. ಬರಲೇ ಇಲ್ಲವಲ್ಲ?
– ಓದುಗರು, ಹುಬ್ಬಳ್ಳಿ

ಉತ್ತರ: ಗಾಳಿ 34 ನಾಟ್, ಅಂದರೆ ಗಂಟೆಗೆ ಸುಮಾರು 62 ಕಿ.ಮೀ. ಮುಟ್ಟಿದ ಮೇಲಷ್ಟೇ ಹವಾಮಾನ ಇಲಾಖೆ ಹೆಸರಿಡುತ್ತದೆ. ಆಗ ಅರಬ್ಬಿ ಸಮುದ್ರದಲ್ಲಿ ಹುಟ್ಟಿದ್ದು ಡಿಪ್ರೆಶನ್ ಮಾತ್ರ. ಅದು ಮೇ 24ರಂದು ರತ್ನಾಗಿರಿ ಬಳಿ ದಡ ದಾಟಿತು. ಚಂಡಮಾರುತಗಳಿಗೆ ಮೊದಲೇ ಗೊತ್ತುಮಾಡಿಟ್ಟ ಹೆಸರುಗಳ ಪಟ್ಟಿಯಲ್ಲಿದ್ದ ಮುಂದಿನ ಹೆಸರನ್ನು ಜನ ಮೊದಲೇ ಅಂಟಿಸಿದ್ದರು. ಆ ಹೆಸರು ಬಳಕೆಗೆ ಬಂದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ.