ಗಿರಣಿ ಶುರುವಾದರೆ ನನ್ನ ಮಷಿನ್ ಯಾಕೆ ನಿಲ್ಲುತ್ತದೆ?

ಮನೆಯಲ್ಲೇ ಸಿಎನ್‌ಸಿ ಮಷಿನ್ (ಕಂಪ್ಯೂಟರ್ ಹೇಳಿದ ಹಾಗೆ ಕೆತ್ತುವ, ಗೆರೆ ಎಳೆಯುವ ಯಂತ್ರ) ಕಟ್ಟಿಕೊಳ್ಳುವವರು ಪ್ರಶ್ನೆ ಕಳಿಸಿ ಎಂದು ಹೋದ ತಿಂಗಳು ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತು: ಮೋಟಾರುಗಳಿಗೆ ಅಪ್ಪಣೆ ಕೊಡುವ ಕಂಟ್ರೋಲರ್ ಬೋರ್ಡ್ ಯಾವುದು ಕೊಳ್ಳಲಿ? ನಾನು ಹದಿನಾಲ್ಕು ವರ್ಷ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಪ್ಯಾನಲ್ ವೈರಿಂಗ್ ಮಾಡಿದವನು. ಈಗ ಕೊಪ್ಪಳದಲ್ಲಿ ಒಂದು ಚಿಕ್ಕ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಆ ಚಟ ಹೋಗಿಲ್ಲ. ಬೋರ್ಡ್ ಬಗ್ಗೆ ಕೇಳಿದರೂ ನನ್ನ ಕಣ್ಣು ಮೊದಲು ವೈರಿನ ಕಡೆಗೇ ಹೋಗುತ್ತದೆ. ಬೈಯಬೇಡಿ.

ಪ್ರಶ್ನೆ: ನಮ್ಮದು ಕಿನ್ನಾಳ, ಗೊಂಬೆ ಮಾಡುವ ಮನೆತನ. ಮರದ ದಿಮ್ಮಿಯನ್ನು ಅರೆಬರೆ ರೂಪಕ್ಕೆ ತರಲು ಮಷಿನ್ ಕಟ್ಟುತ್ತಿದ್ದೇನೆ. 57 ಮಿ.ಮೀ. ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ) ಮೋಟಾರ್, 5 ಮಿ.ಮೀ. ಪಿಚ್‌ನ ಬಾಲ್ ಸ್ಕ್ರೂ, ಮೋಟಾರಿಗೆ ಕರೆಂಟ್ ಕೊಡುವ ಡಿಎಂ542 ಡ್ರೈವರ್ ತಂದಾಗಿದೆ. ಆರ್ಡುಯಿನೊ ಊನೊ ಬೋರ್ಡ್ ಸಾಕಾ, ಇಲ್ಲ ದೊಡ್ಡದು ಕೊಳ್ಳಲಾ? ಊನೊ ಆಟಿಕೆ ಎಂದು ಗೆಳೆಯರು ನಗುತ್ತಾರೆ. — ಕಿನ್ನಾಳದ ಓದುಗರು

ನಗುವವರನ್ನು ಬಿಡಿ, ಲೆಕ್ಕ ಹಾಕೋಣ. ಊನೊ ಮೇಲೆ ನಡೆಯುವುದು ಜಿಆರ್‌ಬಿಎಲ್ ಎಂಬ ಪ್ರೋಗ್ರಾಂ. 2009ರಲ್ಲಿ ಶುರುವಾದದ್ದು, ಪುಕ್ಕಟೆ ಸಿಗುತ್ತದೆ. ಬೋರ್ಡಿನ ಚಿಪ್ 16 ಮೆಗಾಹರ್ಟ್ಸ್, ಅದರೊಳಗೆ 2 ಕೆಬಿ ಮೆಮೊರಿ. ಇಷ್ಟರಲ್ಲೇ ಅದು ಸೆಕೆಂಡಿಗೆ ಸುಮಾರು 30,000 ಪಲ್ಸ್ (ಮೋಟಾರನ್ನು ಮುಂದೆ ತಳ್ಳುವ ಚಿಕ್ಕ ಮಿಡಿತ) ಬಿಡುತ್ತದೆ.

ನಿಮ್ಮ ಮೋಟಾರ್ ಒಂದು ಸುತ್ತಿಗೆ 200 ಹೆಜ್ಜೆ. ಡ್ರೈವರ್ ಮೇಲಿನ ಸ್ವಿಚ್ಚಿನಲ್ಲಿ ಒಂದು ಹೆಜ್ಜೆಯನ್ನು ಎಂಟು ಮಾಡಿದರೆ ಸುತ್ತಿಗೆ 1,600 ಪಲ್ಸ್. ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. ಮುಂದೆ ಹೋಗುತ್ತದೆ. ಅಂದರೆ ಮಿಲಿಮೀಟರಿಗೆ 320 ಪಲ್ಸ್. 30,000 ಭಾಗಿಸು 320, ಸೆಕೆಂಡಿಗೆ ಹತ್ತತ್ತಿರ 94 ಮಿ.ಮೀ., ನಿಮಿಷಕ್ಕೆ 5,600. ನೀವು ಹಗುರ ಮರವನ್ನು ನಿಮಿಷಕ್ಕೆ 2,000ಕ್ಕೆ ಕೆತ್ತಿದರೂ ಅರ್ಧಕ್ಕಿಂತ ಜಾಸ್ತಿ ಶಕ್ತಿ ಉಳಿಯಿತು. ಆದರೆ ಯಾರೋ ಹೇಳಿದರೆಂದು "ನುಣುಪು ಬರಲಿ" ಅಂತ ಒಂದು ಹೆಜ್ಜೆಯನ್ನು 32 ಮಾಡಿಬಿಟ್ಟರೆ ಮಿಲಿಮೀಟರಿಗೆ 1,280 ಪಲ್ಸ್ ಬೇಕು. ಆಗ ಅದೇ ಬೋರ್ಡ್ ನಿಮಿಷಕ್ಕೆ 1,400 ಮಿ.ಮೀ.ಗೇ ಸುಸ್ತಾಗುತ್ತದೆ. ಬೋರ್ಡ್ ಕೆಟ್ಟದ್ದು ಎಂದು ನನ್ನ ಹತ್ತಿರ ಬಂದ ಎಷ್ಟೋ ಜನರದ್ದು ಈ ಪುಟ್ಟ ಸ್ವಿಚ್ಚಿನ ಕಥೆ.

ಇಲ್ಲಿಗೆ ನಿಲ್ಲಿಸಿದ್ದರೆ "ಊನೊ ಸಾಕು" ಎಂದು ಬರೆದು ಮುಗಿಸುತ್ತಿದ್ದೆ. ಆದರೆ ನೀವು ಮಾಡುವುದು ನಾಮಫಲಕವಲ್ಲ, ಗೊಂಬೆ. ಗೊಂಬೆಯ ಕೆನ್ನೆ, ಹೊಟ್ಟೆ, ಗರುಡನ ರೆಕ್ಕೆ, ಎಲ್ಲವೂ ಬಾಗಿದ ಮೈ. ಕಂಪ್ಯೂಟರ್ ಆ ಬಾಗನ್ನು ಸಾವಿರಾರು ಚೂರು ಗೆರೆಗಳಾಗಿ ಒಡೆದು ಕಳಿಸುತ್ತದೆ. ಜಿಆರ್‌ಬಿಎಲ್ ಮುಂದಿನ ಸುಮಾರು 16 ಗೆರೆಗಳನ್ನಷ್ಟೇ ನೋಡಿಟ್ಟುಕೊಳ್ಳುತ್ತದೆ. ಆ ಕೊನೇ ಗೆರೆ ಮುಗಿಯುವಷ್ಟರಲ್ಲಿ ಬ್ರೇಕ್ ಹಾಕಿ ನಿಲ್ಲಲು ಆಗಬೇಕು, ಅಷ್ಟೇ ವೇಗದಲ್ಲಿ ಓಡುತ್ತದೆ. ಮಂಜಿನಲ್ಲಿ ಬೈಕ್ ಓಡಿಸಿದ ಹಾಗೆ, ಕಣ್ಣಿಗೆ ಕಂಡಷ್ಟು ದೂರಕ್ಕೆ ತಕ್ಕ ವೇಗ. ಒಂದೊಂದು ಗೆರೆ 0.1 ಮಿ.ಮೀ. ಇದ್ದರೆ ಅದಕ್ಕೆ ಕಾಣುವುದು 1.6 ಮಿ.ಮೀ. ಮಾತ್ರ. ಆಕ್ಸಲರೇಶನ್ (ವೇಗ ಏರಿಳಿಸುವ ದರ) 200 ಮಿ.ಮೀ./ಸೆ² ಇಟ್ಟಿದ್ದರೆ ನಿಮಿಷಕ್ಕೆ 1,500ರ ಮೇಲೆ ಹೋಗುವುದೇ ಇಲ್ಲ, ನೀವು 4,000 ಬರೆದಿದ್ದರೂ ಅಷ್ಟೇ. ಕೆಲವೊಮ್ಮೆ ತೊದಲುತ್ತಾ ನಡೆಯುತ್ತದೆ. ಮರ ಸುಟ್ಟ ವಾಸನೆ ಬರುತ್ತದೆ.

ಇದಕ್ಕೆ ಮೊದಲ ಮದ್ದು ಬೋರ್ಡ್ ಅಲ್ಲ. ಅರೆಬರೆ ಕೆತ್ತನೆಯ ಪ್ರೋಗ್ರಾಂ ಮಾಡುವಾಗ ಟಾಲರೆನ್ಸ್ (ಎಷ್ಟು ತಪ್ಪು ಒಪ್ಪಬಹುದು ಎಂಬ ಅಳತೆ) ಸ್ವಲ್ಪ ಸಡಿಲ ಮಾಡಿ, ಗೆರೆ 0.3 ಮಿ.ಮೀ. ಆಗಲಿ. ಅದೇ ಊನೊ 2,600ರವರೆಗೆ ಹೋಗುತ್ತದೆ. ನಿಮ್ಮ ಗೊಂಬೆಗೆ ಅದರ ಮೇಲೆ ಹೇಗೂ ಕಿಟ್ಟ ಬೀಳುತ್ತದೆ ಅಲ್ವಾ? ಸೆಣಬಿನ ಚೂರು, ಮರದ ಪುಡಿ, ಹುಣಸೆ ಬೀಜದ ಅಂಟು ಕೂತ ಮೇಲೆ 0.1ರ ನಯ ಯಾರಿಗೆ ಕಾಣಬೇಕು?

ನಿಜವಾಗಿ ದೊಡ್ಡ ಬೋರ್ಡ್ ಬೇಕಾಗುವುದು ಇನ್ನೊಂದು ಕಾರಣಕ್ಕೆ. ಗೊಂಬೆಯನ್ನು ತಿರುಗಿಸುತ್ತಾ ನಾಲ್ಕೂ ಕಡೆ ಕೆತ್ತಬೇಕೆಂದರೆ ನಾಲ್ಕನೇ ಅಕ್ಷ ಬೇಕು. ಊನೊ ಮೇಲಿನ ಜಿಆರ್‌ಬಿಎಲ್‌ಗೆ ಮೂರೇ ಗೊತ್ತು. ವೈ ಅಕ್ಷದ ವೈರ್ ಕಿತ್ತು ತಿರುಗಣೆಗೆ ಕೊಟ್ಟು ಮೋಸ ಮಾಡಬಹುದು, ನಾನೂ ಮಾಡಿದ್ದೇನೆ. ದಿನಾ ಮಾಡುವ ಕೆಲಸವಾದರೆ ಇಎಸ್‌ಪಿ32 ಬೋರ್ಡ್ ಮೇಲಿನ ಫ್ಲೂಯಿಡ್‌ಎನ್‌ಸಿ ಪ್ರೋಗ್ರಾಂ ಅಥವಾ ಟೀನ್ಸಿ 4.1 ಬೋರ್ಡ್ ಮೇಲಿನ ಜಿಆರ್‌ಬಿಎಲ್-ಹ್ಯಾಲ್ ನೋಡಿ. ಮೊದಲನೆಯ ಚಿಪ್ 240 ಮೆಗಾಹರ್ಟ್ಸ್, ಎರಡನೆಯದು 600. ಒಂದು ಎಚ್ಚರಿಕೆ: ಇವೆರಡೂ ಹೊರಗೆ ಬಿಡುವುದು 3.3 ವೋಲ್ಟ್ ಸಿಗ್ನಲ್. ನಿಮ್ಮ ಡ್ರೈವರಿಗೆ 5 ವೋಲ್ಟ್ ಕೊಟ್ಟರೆ ಧೈರ್ಯ. ನಡುವೆ ಸಿಗ್ನಲ್ಲನ್ನು 5 ವೋಲ್ಟಿಗೆ ಏರಿಸುವ ಬಫರ್ ಚಿಪ್ ಇರುವ ಬೋರ್ಡನ್ನೇ ಕೊಳ್ಳಿ.

ಸದ್ಯಕ್ಕೆ ಊನೊದಲ್ಲೇ ಶುರು ಮಾಡಿ. ಉಳಿದ ದುಡ್ಡಿಗೆ ಒಳ್ಳೆ ಕಟ್ಟರ್ ತನ್ನಿ.

ಪ್ರಶ್ನೆ: ನನ್ನ ಮಷಿನ್ ಬೆಳಿಗ್ಗೆ ಚೆನ್ನಾಗಿ ನಡೆಯುತ್ತದೆ. ಪಕ್ಕದ ಹಿಟ್ಟಿನ ಗಿರಣಿ ಶುರುವಾದ ಕೂಡಲೇ "ಅಲಾರ್ಮ್ 1" ಎಂದು ನಿಲ್ಲುತ್ತದೆ. ಎರಡು ಬೋರ್ಡ್ ಬದಲಿಸಿದೆ. — ಸಂಡೂರಿನ ಓದುಗರು

ನಿಮ್ಮ ಪತ್ರ ಓದಿ ನನಗೆ ನಗು ಬಂತು, ಕ್ಷಮಿಸಿ. ನಮ್ಮ ಓಣಿಯಲ್ಲೂ ಗಿರಣಿ ಇದೆ. ಹತ್ತು ಗಂಟೆಗೆ ಆ ಯಜಮಾನರು ಸ್ವಿಚ್ ಎತ್ತಿದರೆ ನನ್ನ ಮಷಿನ್ ಕೈಕಟ್ಟಿ ನಿಲ್ಲುತ್ತಿತ್ತು. ಒಂದು ವಾರ ಅವರನ್ನೇ ಬೈದುಕೊಂಡೆ. ತಪ್ಪು ನನ್ನದು.

ಅಲಾರ್ಮ್ 1 ಎಂದರೆ ಅಕ್ಷದ ತುದಿಯಲ್ಲಿರುವ ಲಿಮಿಟ್ ಸ್ವಿಚ್ ಒತ್ತಿದೆ ಎಂದು ಬೋರ್ಡ್ ತಿಳಿದುಕೊಂಡಿದೆ. ನಿಜಕ್ಕೂ ಯಾರೂ ಒತ್ತಿಲ್ಲ. ಸ್ವಿಚ್ಚಿನಿಂದ ಬೋರ್ಡಿಗೆ ಬರುವ ಎರಡು ಮೀಟರ್ ವೈರ್ ಆಂಟೆನಾ ಥರ ಕೆಲಸ ಮಾಡುತ್ತದೆ. ಚಿಪ್ಪಿನೊಳಗೆ ಆ ಪಿನ್ನನ್ನು 5 ವೋಲ್ಟಿಗೆ ಎತ್ತಿ ಹಿಡಿದಿರುವುದು 20ರಿಂದ 50 ಕಿಲೋಓಮ್‌ನ ದುರ್ಬಲ ರೆಸಿಸ್ಟರ್. ದೊಡ್ಡ ಮೋಟಾರ್ ಶುರುವಾದಾಗಿನ ಒಂದು ಕಿಡಿಗೇ ಅದು ಬಾಗುತ್ತದೆ. ಬೋರ್ಡ್ ಹತ್ತು ಬದಲಿಸಿದರೂ ಎಲ್ಲದರಲ್ಲೂ ಅದೇ ರೆಸಿಸ್ಟರ್.

ನಾನು ಮಾಡಿದ್ದು ಹೇಳುತ್ತೇನೆ. ಸ್ವಿಚ್ಚನ್ನು ಎನ್‌ಒ (ಒತ್ತದಿದ್ದಾಗ ತೆರೆದಿರುವ) ಬದಲು ಎನ್‌ಸಿ (ಒತ್ತದಿದ್ದಾಗ ಮುಚ್ಚಿರುವ) ಕಾಲಿಗೆ ಹಾಕಿದೆ. ಆಗ ಸದಾ ಮುಚ್ಚಿದ ಸರ್ಕ್ಯೂಟ್, ಪಿನ್ ನೇರ ಗ್ರೌಂಡಿಗೆ ಕಟ್ಟಿಹಾಕಿದಂತೆ. ಕಿಡಿ ಅದನ್ನು ಅಲ್ಲಾಡಿಸುವುದು ಕಷ್ಟ. ಇಲಿ ವೈರ್ ಕಡಿದರೂ ಮಷಿನ್ ನಿಲ್ಲುತ್ತದೆ, ಅದು ಇನ್ನೊಂದು ಲಾಭ. ಜಿಆರ್‌ಬಿಎಲ್‌ನಲ್ಲಿ $5=1 (ಸ್ವಿಚ್ಚಿನ ಅರ್ಥ ತಿರುಗಿಸುವ ಸೆಟ್ಟಿಂಗ್) ಮಾಡುವುದು ಮರೆಯಬೇಡಿ. ಬೋರ್ಡಿನ ಹತ್ತಿರ ಪಿನ್ನಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದೆ. ಶೀಲ್ಡ್ (ಸುತ್ತ ಲೋಹದ ಜಾಲರಿ) ಇರುವ ವೈರ್ ಎಳೆದು, ಶೀಲ್ಡನ್ನು ಪ್ಯಾನಲ್ ಕಡೆ ಮಾತ್ರ ಅರ್ಥ್ ಮಾಡಿದೆ. ಎರಡೂ ಕಡೆ ಮಾಡಿದರೆ ಶೀಲ್ಡಿನಲ್ಲೇ ಕರೆಂಟ್ ಹರಿಯುತ್ತದೆ. ಕೊನೆಯದಾಗಿ, ಕಟ್ಟರ್ ತಿರುಗಿಸುವ ಸ್ಪಿಂಡಲ್ ಮೋಟಾರಿನ ವೈರ್, ಸ್ವಿಚ್ ವೈರ್ ಒಂದೇ ಪೈಪಿನಲ್ಲಿದ್ದವು. ಬೇರೆ ಮಾಡಿದೆ. ಗಿರಣಿ ಈಗಲೂ ಹತ್ತಕ್ಕೇ ಶುರುವಾಗುತ್ತದೆ.

ನಿಮ್ಮ ಅರ್ಥಿಂಗ್ ಯಾವಾಗ ನೋಡಿದ್ದೀರಿ? ಅಕ್ಕಿ ಗಿರಣಿಯಲ್ಲಿ ನಮ್ಮ ಮೇಸ್ತ್ರಿ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿಸದೆ ಬಿಡುತ್ತಿರಲಿಲ್ಲ. ನಮ್ಮ ಕಡೆ ಏಪ್ರಿಲ್ ಹೊತ್ತಿಗೆ ನೆಲ ಒಣಗಿ ಕಲ್ಲಾಗುತ್ತದೆ, ಉಪ್ಪು-ಇದ್ದಿಲು ಹಾಕಿದ ಗುಂಡಿಯೂ ಹೆಸರಿಗಷ್ಟೇ ಅರ್ಥ್. ಇನ್ನು ನಿಮ್ಮ ಊರಿನ ಕೆಂಪು ದೂಳು. ಪ್ಯಾನಲ್ ಫ್ಯಾನಿಗೆ ಫಿಲ್ಟರ್ ಬಟ್ಟೆ ಕಟ್ಟಿ, ಅದನ್ನು ತಿಂಗಳಿಗೊಮ್ಮೆ ಒಗೆಯಿರಿ. ಒಗೆಯದಿದ್ದರೆ ಗಾಳಿ ನಿಂತು ಡ್ರೈವರ್ ಬೇಯುತ್ತದೆ.

ಪ್ರಶ್ನೆ: ಜೀನ್ಸ್ ಪ್ಯಾಟರ್ನ್ ಗೆರೆ ಎಳೆಯಲು ಬೆಲ್ಟ್ ಮಷಿನ್ ಮಾಡಿಸಿಕೊಂಡಿದ್ದೇನೆ. ಒಂದು ಮೀಟರ್ ಎಳೆದರೆ 2 ಮಿ.ಮೀ. ಕಡಿಮೆ ಬರುತ್ತದೆ. ಕಂಟ್ರೋಲರ್ ಸರಿಯಿಲ್ಲವೇ? — ಬಳ್ಳಾರಿಯ ಓದುಗ ಮಹಿಳೆ

ನೋಡಮ್ಮ, ಕಂಟ್ರೋಲರಿಗೆ ಟೇಪ್ ಹಿಡಿಯಲು ಬರುವುದಿಲ್ಲ. ಅದು ಪಲ್ಸ್ ಎಣಿಸುತ್ತದೆ ಅಷ್ಟೇ. ಮೊದಲು ಸೊನ್ನೆಯಲ್ಲಿ ಪೆನ್ನಿನ ಒಂದು ಚುಕ್ಕೆ ಇಡಿಸಿ. ಆ ತುದಿ ಈ ತುದಿ ಹತ್ತು ಸಲ ಜೋರಾಗಿ ಓಡಿಸಿ. ವಾಪಸ್ ಸೊನ್ನೆಗೆ ತಂದು ಇನ್ನೊಂದು ಚುಕ್ಕೆ ಇಡಿಸಿ. ಎರಡೂ ಒಂದರ ಮೇಲೊಂದು ಬಿದ್ದರೆ ಒಂದು ಹೆಜ್ಜೆಯೂ ತಪ್ಪಿಲ್ಲ, ಬರೀ ಅಳತೆಯ ಲೆಕ್ಕ ತಪ್ಪು. 20 ಹಲ್ಲಿನ ಪುಲ್ಲಿ, 2 ಮಿ.ಮೀ. ಬೆಲ್ಟ್, ಒಂದು ಹೆಜ್ಜೆಗೆ ಹದಿನಾರು ಭಾಗ ಎಂದಾದರೆ ನಿಮ್ಮ ಜಿಆರ್‌ಬಿಎಲ್‌ನ $100 ಸೆಟ್ಟಿಂಗಿನಲ್ಲಿ (ಎಕ್ಸ್ ಅಕ್ಷದ ಮಿಲಿಮೀಟರಿಗೆ ಎಷ್ಟು ಪಲ್ಸ್) 80 ಇರುತ್ತದೆ. ಅದನ್ನು 1,000ದಿಂದ ಗುಣಿಸಿ 998ರಿಂದ ಭಾಗಿಸಿ. 80.16 ಎಂದು ಬರೆಯಿರಿ. ಮುಗಿಯಿತು.

ಒಂದು ಸಂಶಯ ಪರಿಹರಿಸಿಕೊಳ್ಳಿ. 200 ಮಿ.ಮೀ. ಎಳೆದರೂ ಅದೇ 2 ಮಿ.ಮೀ. ಕಡಿಮೆಯಾದರೆ ಇದು ಅಳತೆ ತಪ್ಪಲ್ಲ, ಬೆಲ್ಟ್ ಸಡಿಲ. ಚುಕ್ಕೆಗಳೇ ದೂರ ಬಿದ್ದರೆ ಪುಲ್ಲಿಯ ಗ್ರಬ್ ಸ್ಕ್ರೂ ಮೊದಲು ಬಿಗಿ ಮಾಡಿ, ಆಮೇಲೆ ಆಕ್ಸಲರೇಶನ್ ಇಳಿಸಿ. 2 ಮಿ.ಮೀ. ಎಂದರೆ ನಿಮ್ಮ ಕೆಲಸದಲ್ಲಿ ಪ್ಯಾಂಟಿನ ಪಕ್ಕದ ಹೊಲಿಗೆ ಕೂಡುವುದಿಲ್ಲ, ಗೊತ್ತು.

ಪ್ರಶ್ನೆ: ಕರೆಂಟ್ ಹೋದರೆ ಅರ್ಧ ಕೆತ್ತಿದ ಹಲಗೆ ಹಾಳು. ಲ್ಯಾಪ್‌ಟಾಪ್ ಮಾತ್ರ ನಡೆಯುತ್ತಿರುತ್ತದೆ. ಏನು ಮಾಡಲಿ? — ರಾಯಚೂರಿನ ಓದುಗರು

ಲ್ಯಾಪ್‌ಟಾಪ್ ನಡೆಯುತ್ತಿರುವುದೇ ನಿಮ್ಮ ತೊಂದರೆ. ಊನೊ ಯುಎಸ್‌ಬಿಯಿಂದ ಕರೆಂಟ್ ತಗೊಂಡು ಎಚ್ಚರವಾಗೇ ಇರುತ್ತದೆ. ಮೋಟಾರ್ ಸತ್ತಿರುತ್ತದೆ. ಬೋರ್ಡ್ ಪಾಪ, ನಾನು ಓಡುತ್ತಿದ್ದೇನೆ ಎಂದುಕೊಂಡು ಪಲ್ಸ್ ಎಣಿಸುತ್ತಲೇ ಹೋಗುತ್ತದೆ. ಕರೆಂಟ್ ಬಂದಾಗ ಅದರ ಲೆಕ್ಕ ಒಂದು ಕಡೆ, ಕಟ್ಟರ್ ಇನ್ನೊಂದು ಕಡೆ.

230 ವೋಲ್ಟ್ ಕಾಯಿಲಿನ ಒಂದು ರಿಲೇ ತನ್ನಿ. ಕಾಯಿಲನ್ನು ಮಷಿನ್ನಿನ ಮೇನ್ ಲೈನಿಗೆ ಕೊಡಿಸಿ, ಇದನ್ನು ಎಲೆಕ್ಟ್ರಿಷಿಯನ್ನೇ ಮಾಡಲಿ. ಅದರ ಎನ್‌ಸಿ ಕಾಂಟ್ಯಾಕ್ಟನ್ನು ಬೋರ್ಡಿನ "ಹೋಲ್ಡ್" ಪಿನ್ ಮತ್ತು ಗ್ರೌಂಡ್ ನಡುವೆ ಹಾಕಿ. ಕರೆಂಟ್ ಹೋದ ಕ್ಷಣ ಕಾಂಟ್ಯಾಕ್ಟ್ ಮುಚ್ಚಿ ಬೋರ್ಡ್ ನಿಲ್ಲುತ್ತದೆ. ಯಾವ ಸಾಲಿನಲ್ಲಿ ನಿಂತಿತು ಎಂಬುದು ಲ್ಯಾಪ್‌ಟಾಪಿನಲ್ಲಿ ಉಳಿಯುತ್ತದೆ. ಬರೆದಿಟ್ಟುಕೊಳ್ಳಿ.

ಇದರಿಂದ ಜಾಗದ ಲೆಕ್ಕ ಪೂರ್ತಿ ಉಳಿಯುವುದಿಲ್ಲ, ನಿಲ್ಲುವಾಗ ಕೆಲವು ಹೆಜ್ಜೆ ಜಾರುತ್ತದೆ. ಅದಕ್ಕೇ ಮಷಿನ್ ತನ್ನ ಮೂಲ ಜಾಗ ಹುಡುಕಿಕೊಳ್ಳುವ ಹೋಮಿಂಗ್ ಸ್ವಿಚ್ ಬೇಕು. ಹಲಗೆಯ ಸೊನ್ನೆಯನ್ನು ಜಿ92 ಎಂಬ ಆಜ್ಞೆಯಲ್ಲಿ ಇಡಬೇಡಿ, ಬೋರ್ಡ್ ರೀಸೆಟ್ ಆದರೆ ಅಳಿಸಿಹೋಗುತ್ತದೆ. ಜಿ54ರಲ್ಲಿ ಇಡಿ, ಚಿಪ್ಪಿನಲ್ಲಿ ಉಳಿಯುತ್ತದೆ. ಕರೆಂಟ್ ಬಂದ ಮೇಲೆ ಕಟ್ಟರನ್ನು ಮೇಲೆತ್ತಿ, ಹೋಮ್ ಮಾಡಿ, ನಿಂತ ಸಾಲಿಗಿಂತ ಹತ್ತು ಸಾಲು ಹಿಂದಿನಿಂದ ಶುರು ಮಾಡಿ. ಅದಕ್ಕೂ ಮೊದಲು ಫೈಲಿನ ತಲೆಯಲ್ಲಿರುವ ಜಿ21 (ಅಳತೆ ಮಿಲಿಮೀಟರಿನಲ್ಲಿ), ಜಿ90 (ಜಾಗ ಸೊನ್ನೆಯಿಂದ ಅಳೆ), ಸ್ಪಿಂಡಲ್ ಚಾಲೂ ಮಾಡುವ ಎಂ3, ಫೀಡ್ (ಕೆತ್ತುವ ವೇಗ), ಇವನ್ನು ಕೈಯಿಂದ ಕೊಡಿ. ಎಂ3 ಮರೆತು, ತಿರುಗದ ಕಟ್ಟರನ್ನು ಹಲಗೆಗೆ ಒತ್ತಿದವರಲ್ಲಿ ನಾನೂ ಒಬ್ಬ.

ಪ್ರಶ್ನೆ: ಪ್ಯಾರಲಲ್ ಪೋರ್ಟ್ ಕಾರ್ಡ್ ಇರುವ ಹಳೇ ಮಷಿನ್ ಸಿಕ್ಕಿದೆ. ಯುಎಸ್‌ಬಿ ಕನ್ವರ್ಟರ್ ಹಾಕಿ ಹೊಸ ಲ್ಯಾಪ್‌ಟಾಪಿನಲ್ಲಿ ಮಷಿನ್ ನಡೆಸುವ ಮ್ಯಾಕ್3 ಪ್ರೋಗ್ರಾಂ ಓಡಿಸಬಹುದೇ? — ಸಿಂಧನೂರಿನ ಓದುಗರು

ಆಗುವುದಿಲ್ಲ. ಆ ಕನ್ವರ್ಟರ್ ಪ್ರಿಂಟರಿಗೆ ಮಾತ್ರ. ಮ್ಯಾಕ್3ರ ಪ್ಯಾರಲಲ್ ಡ್ರೈವರ್ 32 ಬಿಟ್ ವಿಂಡೋಸಿನಲ್ಲಷ್ಟೇ ನಡೆಯುತ್ತದೆ. ಪೋರ್ಟ್ ಇರುವ ಹಳೇ ಡೆಸ್ಕ್‌ಟಾಪ್ ಹುಡುಕಿ, ಅಂಥದೇ ಲಿನಕ್ಸ್‌ಸಿಎನ್‌ಸಿ ಪ್ರೋಗ್ರಾಂ ಹಾಕಿ, ಅದರೊಳಗೇ ಇರುವ ಲೇಟೆನ್ಸಿ ಟೆಸ್ಟ್ (ಕಂಪ್ಯೂಟರ್ ಎಷ್ಟು ತಡ ಮಾಡುತ್ತದೆ ಎಂದು ಅಳೆಯುವುದು) ಓಡಿಸಿ. 20,000 ನ್ಯಾನೊಸೆಕೆಂಡಿನ ಒಳಗೆ ಬಂದರೆ ಆ ಡಬ್ಬಾ ಕಂಪ್ಯೂಟರ್ ನಿಮ್ಮ ಮಷಿನ್ನಿಗೆ ಚಿನ್ನ.

ಪ್ರಶ್ನೆ: ಡ್ರೈವರ್ ಆನ್ ಇದ್ದಾಗ ಮೋಟಾರ್ ಪ್ಲಗ್ ಕಿತ್ತರೆ ಡ್ರೈವರ್ ಸುಡುತ್ತದೆ ಎನ್ನುತ್ತಾರೆ. ನಿಜವೇ? — ಕುಷ್ಟಗಿಯ ಓದುಗರು

ನಿಜ. ಮೋಟಾರಿನ ಸುರುಳಿಯಲ್ಲಿ ಹರಿಯುವ ಕರೆಂಟನ್ನು ತಟ್ಟನೆ ಕಡಿದರೆ ಅದು ಭಾರೀ ವೋಲ್ಟೇಜ್ ಆಗಿ ತಿರುಗಿ ಬೀಳುತ್ತದೆ. ಎ4988 ಎಂಬ ಪುಟ್ಟ ಡ್ರೈವರ್ ಚಿಪ್ ತಡೆಯುವುದು 35 ವೋಲ್ಟ್. ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ) ಆಫ್ ಮಾಡಿ, ಅದರ ಲೈಟ್ ಆರಿದ ಮೇಲೆ ಕೀಳಿ. ನಾನು ಒಂದೇ ಮಧ್ಯಾಹ್ನ ಮೂರು ಸುಟ್ಟಿದ್ದೇನೆ. ಮೂರನೆಯದು, ಮೊದಲ ಎರಡು ಯಾಕೆ ಸುಟ್ಟವು ಎಂದು ನೋಡಲು ಹೋಗಿ. ಮೂರೂ ಒಂದು ಬೆಂಕಿಪೊಟ್ಟಣದಲ್ಲಿವೆ, ನನ್ನ ಟೇಬಲ್ ಮೇಲೆ.